ರೇ ಚಾಪ್‌ಮನ್ ಸಾವು, 1920ರ ಬೇಸ್‌ಬಾಲ್ ಮತ್ತು ನಿಮ್ಮ ಮಗನ ಹೆಲ್ಮೆಟ್

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಅಮೆರಿಕದ ಓಹಾಯೋ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಸಮೀಪ ವಾಸವಾಗಿದ್ದೇವೆ. ಹನ್ನೊಂದು ವರ್ಷದ ನಮ್ಮ ಮಗ ಲಿಟಲ್ ಲೀಗ್ ಎಂಬ ಮಕ್ಕಳ ಕೂಟದಲ್ಲಿ ಬೇಸ್‌ಬಾಲ್ ಆಡುತ್ತಾನೆ. ಅವನಿಗೆ ಶಾಲೆಯಲ್ಲಿ ಬೇಸ್‌ಬಾಲಿನ ಯಾವುದಾದರೂ ಒಂದು ವರ್ಷದ ಬಗ್ಗೆ ಬರೆದು ತರಲು ಹೇಳಿದ್ದರು. ಇಲ್ಲಿನ ಪ್ರೋಗ್ರೆಸಿವ್ ಫೀಲ್ಡ್ ಕ್ರೀಡಾಂಗಣದಲ್ಲಿ ರೇ ಚಾಪ್‌ಮನ್ ಎಂಬ ಆಟಗಾರನ ಕಂಚಿನ ಫಲಕವನ್ನು ನೋಡಿದ್ದ ಅವನು 1920ನೇ ವರ್ಷವನ್ನು ಆರಿಸಿಕೊಂಡ. ಅಲ್ಲಿಂದ ನನ್ನ ನಿದ್ದೆ ಕೆಟ್ಟಿದೆ. ಚಾಪ್‌ಮನ್ ತಲೆಗೆ ಚೆಂಡು ಬಡಿದು ಮೈದಾನದಲ್ಲೇ ಸತ್ತನಂತೆ, ಎಸೆದವನು ಬೇಕೆಂದೇ ಗುರಿಯಿಟ್ಟನಂತೆ, ಎಂಜಲು ಹಚ್ಚಿ ಎಸೆಯುವುದನ್ನು ಆಮೇಲೆ ನಿಷೇಧಿಸಿದರಂತೆ, ಎಲ್ಲರೂ ಹೆಲ್ಮೆಟ್ ಹಾಕತೊಡಗಿದರಂತೆ. ಇದರಲ್ಲಿ ಎಷ್ಟು ನಿಜ? ಹೆಲ್ಮೆಟ್ ಇದ್ದರೂ ಹೀಗಾಗಬಹುದೆ? ಕಳೆದ ತಿಂಗಳು ಮಗನ ಹೆಲ್ಮೆಟ್‌ಗೆ ಒಂದು ಚೆಂಡು ತಾಗಿತ್ತು. ಅವನು ನಗುತ್ತಲೇ ಆಟ ಮುಂದುವರಿಸಿದ. ಅವನನ್ನು ಆಟದಿಂದ ಬಿಡಿಸುವುದೇ ಒಳ್ಳೆಯದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ನೂರು ವರ್ಷದ ಹಿಂದಿನ ಒಂದು ಸಾವು ನಿಮ್ಮ ಮಗನ ಅಂಗಳದಲ್ಲೂ ಮರುಕಳಿಸಬಹುದೆ ಎಂಬುದು ಮೊದಲನೆಯದು. ಚೆಂಡು ತಾಗಿದ ಮೇಲೂ ಅವನು ಆಡುತ್ತಲೇ ಇದ್ದನಲ್ಲ ಎಂಬುದು ಎರಡನೆಯದು. ತಲೆಗೆ ಪೆಟ್ಟು ಬಿದ್ದವರಿಗೆ ಚಿಕಿತ್ಸೆ ನೀಡುವ ನರಶಸ್ತ್ರಚಿಕಿತ್ಸಕನಾದ ನನಗೆ ಎರಡನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಆದರೆ ಅದಕ್ಕೆ ಉತ್ತರ ಚಾಪ್‌ಮನ್‌ನ ಪ್ರಕರಣದಲ್ಲಿಯೇ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1920ರ ಆಗಸ್ಟ್ 16ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ನ್ಯೂಯಾರ್ಕ್ ಯಾಂಕೀಸ್ ತಂಡಗಳು ಆಡುತ್ತಿದ್ದವು. ಐದನೇ ಇನ್ನಿಂಗ್ಸ್‌ನಲ್ಲಿ ಮೊದಲಿಗನಾಗಿ ಬ್ಯಾಟು ಹಿಡಿದು ಬಂದ ಚಾಪ್‌ಮನ್‌ಗೆ ಆಗ ವಯಸ್ಸು 29. ಕೆಂಟಕಿ ರಾಜ್ಯದಲ್ಲಿ ಹುಟ್ಟಿದ ಈ ಶಾರ್ಟ್‌ಸ್ಟಾಪ್ (ಒಳ ಅಂಗಳದ ಫೀಲ್ಡರ್) ತಂಡದಲ್ಲಿ ಎಲ್ಲರಿಗೂ ಬೇಕಾದವನಾಗಿದ್ದ. ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಎಸೆಯುತ್ತಿದ್ದವನು ಯಾಂಕೀಸ್ ತಂಡದ ಕಾರ್ಲ್ ಮೇಸ್. ಅವನು ಎಲ್ಲರಂತೆ ಭುಜದ ಮೇಲಿನಿಂದ ಎಸೆಯದೆ, ಸೊಂಟ ಬಗ್ಗಿಸಿ, ಕೈಯನ್ನು ನೆಲದ ಸಮೀಪದಿಂದ ಬೀಸಿ ಎಸೆಯುತ್ತಿದ್ದ. ಚಾಪ್‌ಮನ್‌ನದು ತಲೆಯನ್ನು ಪ್ಲೇಟಿನ (ಬ್ಯಾಟುಗಾರನ ಪಕ್ಕ ನೆಲದಲ್ಲಿರುವ ಫಲಕದ) ಮೇಲಕ್ಕೆ ಚಾಚಿ, ಕುಗ್ಗಿ ನಿಲ್ಲುವ ಭಂಗಿ. ಕೆಳಗಿನಿಂದ ಮೇಲಕ್ಕೇರುತ್ತ ಬಂದ ಚೆಂಡು ಅವನ ತಲೆಯ ಎಡಪಕ್ಕಕ್ಕೆ ಬಡಿಯಿತು. ಅವನು ತಲೆಯನ್ನು ಸರಿಸಲು ಪ್ರಯತ್ನಿಸಿದಂತೆಯೇ ಕಾಣಲಿಲ್ಲವೆಂದು ನೋಡಿದವರು ಹೇಳಿದ್ದರಿಂದ, ಚೆಂಡು ಅವನ ಕಣ್ಣಿಗೇ ಬಿದ್ದಿರಲಿಲ್ಲ ಎಂಬ ಅಭಿಪ್ರಾಯ ಅಂದಿನಿಂದಲೂ ಇದೆ. ಸದ್ದು ಎಷ್ಟು ಗಟ್ಟಿಯಾಗಿತ್ತೆಂದರೆ, ಚೆಂಡು ಬ್ಯಾಟಿಗೆ ತಾಗಿ ಹಿಂದಿರುಗಿದೆ ಎಂದುಕೊಂಡ ಮೇಸ್ ಅದನ್ನು ಹಿಡಿದು ಔಟ್ ಮಾಡಲು, ಬ್ಯಾಟುಗಾರ ಓಡಿ ಮುಟ್ಟಬೇಕಾದ ಮೊದಲನೇ ಬೇಸ್‌ಗೆ ಎಸೆದುಬಿಟ್ಟ.

ಚಾಪ್‌ಮನ್ ಮೈದಾನದಲ್ಲಿ ಸಾಯಲಿಲ್ಲ. ಕುಸಿದವನನ್ನು ಎಬ್ಬಿಸಿ ನಿಲ್ಲಿಸಿದರು. ಎಡಗಿವಿಯಿಂದ ರಕ್ತ ಸುರಿಯುತ್ತಿದ್ದರೂ, ಸಂಗಡಿಗರ ಆಸರೆಯಲ್ಲಿ ಮೈದಾನದ ಆಚೆ ತುದಿಯಲ್ಲಿದ್ದ ತಂಡದ ಕೋಣೆಯ ಕಡೆಗೆ ಅವನು ನಡೆಯತೊಡಗಿದ. ಎರಡನೇ ಬೇಸ್ ಹತ್ತಿರ ಕಾಲುಗಳು ಸೋತವು. ಸೇಂಟ್ ಲಾರೆನ್ಸ್ ಆಸ್ಪತ್ರೆಗೆ ಸಾಗಿಸಿ, ನಡುರಾತ್ರಿ ಕಳೆದ ಮೇಲೆ ಶಸ್ತ್ರಚಿಕಿತ್ಸೆ ನಡೆಸಿ, ಒಳಕ್ಕೆ ಕುಸಿದಿದ್ದ ತಲೆಬುರುಡೆಯ ತುಂಡನ್ನು ತೆಗೆದರು. ಆಗಸ್ಟ್ 17ರ ಬೆಳಗಿನ ಜಾವ 4 ಗಂಟೆ 40 ನಿಮಿಷಕ್ಕೆ ಅವನು ತೀರಿಕೊಂಡ. ಪೆಟ್ಟು ಬಿದ್ದದ್ದು ಎಡಕ್ಕಾದರೂ ಮಿದುಳಿನ ಬಲಭಾಗಕ್ಕೂ ಗಾಯವಾಗಿತ್ತು. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮಿದುಳು ಪೆಟ್ಟಿನ ರಭಸಕ್ಕೆ ಸರಿದು ಎದುರು ಗೋಡೆಗೆ ಅಪ್ಪಳಿಸುತ್ತದೆ. ಈ ಬಗೆಯ ಗಾಯವನ್ನು ನಾವು ಇಂದಿಗೂ ಅಪಘಾತದ ರೋಗಿಗಳಲ್ಲಿ ಕಾಣುತ್ತೇವೆ. ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ಪಂದ್ಯದಲ್ಲಿ ಚೆಂಡಿನ ಪೆಟ್ಟಿನಿಂದ ಸತ್ತ ಆಟಗಾರ ಈ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅವನೊಬ್ಬನೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಾಗೆಂದು ವೃತ್ತಿಪರ ಬೇಸ್‌ಬಾಲಿನ ಕೆಳಹಂತಗಳಲ್ಲಿ ಸಾವುಗಳೇ ಆಗಿಲ್ಲವೆಂದಲ್ಲ. 2007ರ ಜುಲೈ 22ರಂದು ಮೈಕ್ ಕೂಲ್‌ಬಾ ಎಂಬ ತರಬೇತುದಾರ, ಮೊದಲನೇ ಬೇಸ್ ಬಳಿ ನಿಂತಿದ್ದಾಗ ಬ್ಯಾಟಿನಿಂದ ಚಿಮ್ಮಿದ ಚೆಂಡು ಕುತ್ತಿಗೆಗೆ ಬಡಿದು ಮೃತಪಟ್ಟ. ಮರುವರ್ಷದಿಂದ ಬೇಸ್ ಬಳಿ ನಿಲ್ಲುವ ತರಬೇತುದಾರರೂ ಹೆಲ್ಮೆಟ್ ಧರಿಸುವುದು ಕಡ್ಡಾಯವಾಯಿತು.

ಮೇಸ್ ಬೇಕೆಂದೇ ಎಸೆದನೆ? ಮನಸ್ಸಿನ ಒಳಗನ್ನು ಸ್ಕ್ಯಾನ್ ಮಾಡಿ ನೋಡಲಾಗದು. ದಾಖಲೆಯಲ್ಲಿರುವುದು ಇಷ್ಟು: ಮೇಸ್ ಬ್ಯಾಟುಗಾರರನ್ನು ಪ್ಲೇಟಿನಿಂದ ಹಿಂದಕ್ಕೆ ಸರಿಸಲು ಮೈಗೆ ಹತ್ತಿರವಾಗಿ ಎಸೆಯುವವನೆಂದು ಮೊದಲೇ ಹೆಸರು ಕೆಡಿಸಿಕೊಂಡಿದ್ದ, ಇತರ ತಂಡಗಳ ಕೆಲವು ಆಟಗಾರರು ಅವನ ವಿರುದ್ಧ ಆಡುವುದಿಲ್ಲವೆಂದು ಗುಡುಗಿದರು, ನ್ಯೂಯಾರ್ಕಿನ ಸರ್ಕಾರಿ ವಕೀಲರ ಕಚೇರಿಗೆ ಅವನು ತಾನಾಗಿಯೇ ಹೋಗಿ ಹೇಳಿಕೆ ಕೊಟ್ಟ, ಅವರು ಇದನ್ನು ಆಕಸ್ಮಿಕವೆಂದು ಪರಿಗಣಿಸಿದರು. ಆ ಹಂಗಾಮಿನಲ್ಲಿ ಅವನು 26 ಪಂದ್ಯಗಳನ್ನು ಗೆದ್ದ. ನಿಮ್ಮ ಮಗ ಅವನನ್ನು ಕೊಲೆಗಾರನೆಂದು ಬರೆಯದಿರಲಿ. ನನ್ನ ಮಟ್ಟಿಗಂತೂ ಮೇಸ್‌ನ ಉದ್ದೇಶಕ್ಕಿಂತ ಆ ಚೆಂಡಿನ ಸ್ಥಿತಿಯೇ ದೊಡ್ಡ ಪ್ರಶ್ನೆ.

ಅಂದಿನ ಪಂದ್ಯದಲ್ಲಿ ಒಂದೇ ಚೆಂಡು ಬಹಳ ಹೊತ್ತು ಚಾಲ್ತಿಯಲ್ಲಿರುತ್ತಿತ್ತು. ಎಸೆತಗಾರರು ಅದಕ್ಕೆ ಎಂಜಲು, ತಂಬಾಕಿನ ರಸ, ಮಣ್ಣು, ಏನು ಸಿಕ್ಕಿದರೆ ಅದನ್ನು ಹಚ್ಚುತ್ತಿದ್ದರು. ಉಜ್ಜಿ ಒರಟು ಮಾಡುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಬಿಳಿಯ ಚೆಂಡು ಮಣ್ಣಿನ ಬಣ್ಣಕ್ಕೆ ತಿರುಗಿ, ಹಿನ್ನೆಲೆಯಲ್ಲಿ ಕರಗಿಹೋಗುತ್ತಿತ್ತು. ಆಗ ಹೊನಲು ಬೆಳಕಿನ ವ್ಯವಸ್ಥೆ ಇರಲಿಲ್ಲ. ಕೊಳೆಯಾದ ಚೆಂಡನ್ನು ಅಂಪೈರ್‌ಗಳು ಬದಲಿಸತೊಡಗಿದಾಗ, ಖರ್ಚು ಹೆಚ್ಚಾಯಿತೆಂದು ಮಾಲೀಕರೇ ಗೊಣಗಿದ್ದರು. ಅಪಾಯಕಾರಿಯಲ್ಲದ ಚೆಂಡುಗಳನ್ನು ಆದಷ್ಟೂ ಬಳಸುತ್ತಿರಿ ಎಂಬ ಸೂಚನೆ ಲೀಗ್‌ನ ಮುಖ್ಯಸ್ಥರಿಂದ ಹೋಗಿತ್ತು. ಒಂದು ಜೀವ ಹೋದ ಮೇಲೆ ಅಂಪೈರ್‌ಗಳು ಹೊಸ ಬಿಳಿ ಚೆಂಡನ್ನು ಕೊಡುವುದರಲ್ಲಿ ಧಾರಾಳಿಗಳಾದರು. ಚಾಪ್‌ಮನ್ ಸಾವಿನಿಂದ ನಿಜವಾಗಿ ಆದ ಬದಲಾವಣೆಯೆಂದರೆ ಇದೇ.

ಎಂಜಲು ಚೆಂಡಿನ ನಿಷೇಧದ ಕಥೆ ಮಾತ್ರ ಹಿಂದುಮುಂದಾಗಿದೆ. ಚೆಂಡಿಗೆ ಎಂಜಲು ಮುಂತಾದವನ್ನು ಹಚ್ಚಬಾರದೆಂಬ ನಿಯಮ ಬಂದದ್ದು 1920ರ ಫೆಬ್ರವರಿಯಲ್ಲಿ. ಸಾವು ಸಂಭವಿಸಿದ್ದು ಆಗಸ್ಟಿನಲ್ಲಿ. ನಿಯಮದ ಹಿಂದಿನ ಪ್ರೇರಣೆಗಳಲ್ಲಿ ಮುಖ್ಯವಾದುದು ಬ್ಯಾಟುಗಾರರಿಗೆ ಅನುಕೂಲ ಮಾಡಿಕೊಟ್ಟು ಆಟವನ್ನು ರಂಗೇರಿಸುವುದಾಗಿತ್ತು. ಎಂಜಲು ಚೆಂಡನ್ನೇ ನೆಚ್ಚಿ ಹೊಟ್ಟೆ ಹೊರೆಯುತ್ತಿದ್ದ ಎಸೆತಗಾರರಿಗೆ ಮೊದಲು ಒಂದು ವರ್ಷದ ವಿನಾಯಿತಿ ಸಿಕ್ಕಿತು, ಬಳಿಕ 17 ಮಂದಿಗೆ ನಿವೃತ್ತಿಯವರೆಗೂ ಪರವಾನಗಿ ಸಿಕ್ಕಿತು. ಅವರಲ್ಲಿ ಕೊನೆಯವನಾದ ಬರ್ಲೀ ಗ್ರೈಮ್ಸ್ 1934ರವರೆಗೆ ರಾಜಾರೋಷವಾಗಿ ಎಂಜಲು ಹಚ್ಚಿ ಎಸೆದ. ಅಷ್ಟೇ ಅಲ್ಲ, ಆ ದಿನ ಮೈದಾನದಲ್ಲಿ ಎಂಜಲು ಚೆಂಡಿಗೆ ಹೆಸರಾಗಿದ್ದ ಎಸೆತಗಾರ ಚಾಪ್‌ಮನ್‌ನ ತಂಡದವನೇ ಆದ ಸ್ಟ್ಯಾನ್ ಕೋವೆಲೆಸ್ಕಿ. ಮೇಸ್ ನೆಚ್ಚಿಕೊಂಡಿದ್ದದ್ದು ಕೆಳಗಿನಿಂದ ಬೀಸುವ ವೇಗದ ಎಸೆತವನ್ನು.

ಆ ವರ್ಷದ ಉಳಿದ ಘಟನೆಗಳ ನಡುವೆ ಈ ಸಾವನ್ನಿಟ್ಟು ನೋಡಿದರೆ ಯಾವುದಕ್ಕೆ ಎಷ್ಟು ಬೆಲೆಯಿತ್ತೆಂಬುದು ತಿಳಿಯುತ್ತದೆ. ಜನವರಿಯಲ್ಲಿ ಬೋಸ್ಟನ್ ತಂಡ ದೊಡ್ಡ ಹೊಡೆತಗಳಿಗೆ ಹೆಸರಾದ ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ ಸುದ್ದಿ ಹೊರಬಿತ್ತು. ಫೆಬ್ರವರಿ 13ರಂದು ಕಾನ್ಸಾಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ನೇತೃತ್ವದಲ್ಲಿ ಕರಿಯ ಆಟಗಾರರ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪನೆಯಾಯಿತು. ಬಿಳಿಯರ ಮೈದಾನದಲ್ಲಿ ಪ್ರವೇಶವಿಲ್ಲದವರು ಕಟ್ಟಿಕೊಂಡ ಈ ಲೀಗ್‌ಗೆ ಮೇಜರ್ ಲೀಗ್ ಎಂಬ ಮಾನ್ಯತೆ ದೊರೆಯಲು 2020ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಮಗನ ಬರವಣಿಗೆಯಲ್ಲಿ ಇದು ಅಡಿಟಿಪ್ಪಣಿಯಾಗದಿರಲಿ. ಮೇ 1ರಂದು ಬೋಸ್ಟನ್ನಿನ ಇನ್ನೊಂದು ತಂಡ ಮತ್ತು ಬ್ರೂಕ್ಲಿನ್ 26 ಇನ್ನಿಂಗ್ಸ್ ಆಡಿ 1-1ರಲ್ಲಿ ಸಮನಾಗಿ, ಕತ್ತಲಾಯಿತೆಂದು ಕೈಬಿಟ್ಟರು. ಲಿಯಾನ್ ಕ್ಯಾಡೋರ್ ಮತ್ತು ಜೋ ಓಷ್ಗರ್ ಮೊದಲಿನಿಂದ ಕೊನೆಯವರೆಗೆ ತಾವೇ ಎಸೆದರು. ಇಂದಿನ ತರಬೇತುದಾರರು ಇದನ್ನು ಕೇಳಿದರೆ ಎದೆ ಹಿಡಿದುಕೊಂಡಾರು. ಜುಲೈನಲ್ಲಿ ರೂತ್‌ನ ಕಾರು ಮಗುಚಿದಾಗ ಅವನು ಸತ್ತನೆಂಬ ಸುಳ್ಳು ಸುದ್ದಿಯೂ ಹಬ್ಬಿತ್ತು. ಹಂಗಾಮು ಮುಗಿಯುವಷ್ಟರಲ್ಲಿ ಅವನು 54 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದ; ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಅವನ ನಂತರದವನಾದ ಜಾರ್ಜ್ ಸಿಸ್ಲರ್ ಹೊಡೆದದ್ದು 19. ಯಾಂಕೀಸ್‌ನ ತವರಿನ ಪಂದ್ಯಗಳನ್ನು ನೋಡಿದವರ ಸಂಖ್ಯೆ 10 ಲಕ್ಷ ದಾಟಿತು.

ಸೆಪ್ಟೆಂಬರ್ ಕೊನೆಯಲ್ಲಿ ಮತ್ತೊಂದು ಸಿಡಿಲು ಎರಗಿತು. ವರ್ಷದ ಅಂತಿಮ ಪ್ರಶಸ್ತಿಗಾಗಿ ನಡೆಯುವ ವರ್ಲ್ಡ್ ಸೀರೀಸ್ ಸರಣಿಯನ್ನು 1919ರಲ್ಲಿ ಜೂಜುಗಾರರ ಹಣಕ್ಕೆ ಸೋತುಕೊಟ್ಟ ಆರೋಪದಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡದ ಎಡ್ಡಿ ಸಿಕಾಟ್ ಮತ್ತು ಜೋ ಜಾಕ್ಸನ್ ಸೆಪ್ಟೆಂಬರ್ 28ರಂದು ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಬೇಕೆ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯ) ಮುಂದೆ ಬಾಯಿಬಿಟ್ಟರು. ಮಾಲೀಕ ತನ್ನ ಆಟಗಾರರನ್ನು ಅಮಾನತು ಮಾಡಿದ. ಅದರೊಂದಿಗೆ ಪೈಪೋಟಿಯಲ್ಲಿದ್ದ ಕ್ಲೀವ್‌ಲ್ಯಾಂಡ್ ಎರಡು ಪಂದ್ಯಗಳ ಅಂತರದಿಂದ ಅಮೆರಿಕನ್ ಲೀಗ್ ಗೆದ್ದಿತು. ಚಾಪ್‌ಮನ್‌ನ ಜಾಗಕ್ಕೆ ಕೆಳಹಂತದಿಂದ ಕರೆತಂದ ಜೋ ಸೂವೆಲ್ ಎಂಬ ಯುವಕ 22 ಪಂದ್ಯಗಳಲ್ಲಿ ಮಿಂಚಿದ, ಮುಂದೆ ಶ್ರೇಷ್ಠ ಆಟಗಾರರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದ. ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡ್ ಬ್ರೂಕ್ಲಿನ್ ತಂಡವನ್ನು 5-2ರಿಂದ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಕೋವೆಲೆಸ್ಕಿ ಮೂರು ಪಂದ್ಯ ಗೆದ್ದುಕೊಟ್ಟ. ಅಕ್ಟೋಬರ್ 10ರಂದು ಬಿಲ್ ವಾಂಬ್ಸ್‌ಗ್ಯಾನ್ಸ್ ಒಬ್ಬನೇ ಒಂದೇ ಏಟಿಗೆ ಮೂವರನ್ನು ಔಟ್ ಮಾಡಿದ. ವರ್ಲ್ಡ್ ಸೀರೀಸ್‌ನಲ್ಲಿ ಇನ್ನಾರೂ ಅದನ್ನು ಮಾಡಿಲ್ಲ. ನವೆಂಬರ್ 12ರಂದು ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್‌ರನ್ನು ಬೇಸ್‌ಬಾಲಿನ ಮೊದಲ ಕಮಿಷನರ್ (ಆಡಳಿತದ ಮುಖ್ಯಸ್ಥ) ಆಗಿ ಆರಿಸಲಾಯಿತು. ಮರುವರ್ಷ ಅವರು, ನ್ಯಾಯಾಲಯ ಖುಲಾಸೆ ಮಾಡಿದ ಮರುದಿನವೇ, ಈ ಹಗರಣದ ಎಂಟು ಆಟಗಾರರನ್ನು ಆಜೀವ ಹೊರಹಾಕಿದರು.

ಜೂಜಿನ ಹಗರಣ ಆಟದ ಆಡಳಿತವನ್ನೇ ಬುಡಮೇಲು ಮಾಡಿತು. ಸಾವಿನಿಂದ ಬದಲಾದದ್ದು ಚೆಂಡು. ತಲೆಯ ಮೇಲೆ ಬಟ್ಟೆಯ ಟೋಪಿಯೇ ಉಳಿಯಿತು. ರಕ್ಷಾಕವಚದ ಮಾತು ಆಗಲೇ ಎದ್ದಿತ್ತು, ಆದರೆ ಆಟಗಾರರಿಗೆ ಅದು ಹೇಡಿತನದ ಗುರುತಾಗಿ ಕಂಡಿತು. 1941ರಲ್ಲಿ ಬ್ರೂಕ್ಲಿನ್ ತಂಡದವರು ಟೋಪಿಯೊಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿಕೊಂಡರು. ಐವತ್ತರ ದಶಕದ ಆರಂಭದಲ್ಲಿ ಬ್ರಾಂಚ್ ರಿಕಿ ಎಂಬ ವ್ಯವಸ್ಥಾಪಕರು ತಮ್ಮ ಪಿಟ್ಸ್‌ಬರ್ಗ್ ತಂಡಕ್ಕೆ ಹೆಲ್ಮೆಟ್ ಹಾಕಿಸಿದರು. ಮೇಜರ್ ಲೀಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ, ಅಂದರೆ ಚಾಪ್‌ಮನ್ ಸತ್ತು 51 ವರ್ಷಗಳ ಮೇಲೆ. ಆಗಲೂ ಹಳಬರಿಗೆ ವಿನಾಯಿತಿಯಿದ್ದು, ಬಾಬ್ ಮಾಂಟ್‌ಗೊಮರಿ 1979ರವರೆಗೂ ಹೆಲ್ಮೆಟ್ ಇಲ್ಲದೆ ಬ್ಯಾಟ್ ಮಾಡಿದ. 1967ರಲ್ಲಿ ಬೋಸ್ಟನ್ನಿನ ಟೋನಿ ಕನಿಗ್ಲಿಯಾರೋ ಹೆಲ್ಮೆಟ್ ಹಾಕಿದ್ದರೂ ಕಿವಿ ಮುಚ್ಚುವ ಫ್ಲ್ಯಾಪ್ ಇಲ್ಲದ್ದರಿಂದ ಚೆಂಡು ಎಡಗೆನ್ನೆಗೆ ಬಡಿದು ಕಣ್ಣಿನ ದೃಷ್ಟಿಗೇ ಕುಂದು ಬಂತು. ಹೊಸಬರಿಗೆ ಫ್ಲ್ಯಾಪ್ ಕಡ್ಡಾಯವಾಗಲು 1983 ಬರಬೇಕಾಯಿತು. ಇದರಲ್ಲಿ ಮಕ್ಕಳ ಬೇಸ್‌ಬಾಲ್ ದೊಡ್ಡವರಿಗಿಂತ ಮುಂದಿತ್ತು. ಎರಡೂ ಕಿವಿ ಮುಚ್ಚುವ ಹೆಲ್ಮೆಟ್ ರೂಪುಗೊಂಡದ್ದು ಲಿಟಲ್ ಲೀಗ್‌ನ ಕ್ರೈಟನ್ ಹೇಲ್ ಅವರ ಪ್ರಯತ್ನದಿಂದ.

ಇನ್ನು ನಿಮ್ಮ ಮಗನ ವಿಷಯ. ಹನ್ನೊಂದರ ಹುಡುಗನ ಅಂಗಳದಲ್ಲಿ ಎಸೆತದ ದೂರ 46 ಅಡಿ. ದೊಡ್ಡವರಿಗೆ 60 ಅಡಿ 6 ಅಂಗುಲ. ಚೆಂಡಿನ ತೂಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, 142ರಿಂದ 149 ಗ್ರಾಂ. ಆದರೆ ಹೊಡೆತದ ಶಕ್ತಿ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಏರಿಳಿಯುವುದರಿಂದ, ವೃತ್ತಿಪರನ ಅರ್ಧದಷ್ಟು ವೇಗದಲ್ಲಿ ಬರುವ ಚೆಂಡು ಅವನ ಚೆಂಡಿನ ಕಾಲುಭಾಗದಷ್ಟು ಶಕ್ತಿಯನ್ನು ಮಾತ್ರ ಹೊತ್ತು ತರುತ್ತದೆ. ಎರಡೂ ಕಿವಿ ಮುಚ್ಚುವ ಹೆಲ್ಮೆಟ್‌ನ ಗಟ್ಟಿ ಹೊರಕವಚ ಆ ಶಕ್ತಿಯನ್ನು ಅಗಲಕ್ಕೆ ಹರಡುತ್ತದೆ, ಒಳಗಿನ ಮೆತ್ತೆ ಅದರಲ್ಲಿ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಬುರುಡೆಯ ಒಂದೇ ಜಾಗ ಒಳಕ್ಕೆ ಕುಸಿಯುವ ಚಾಪ್‌ಮನ್ ಬಗೆಯ ಮುರಿತದ ಸಂಭವ ಇಂಥ ಹೆಲ್ಮೆಟ್‌ನೊಂದಿಗೆ ಬಹಳ ಕಡಿಮೆ. ಆದರೆ ಹೆಲ್ಮೆಟ್ ಮೂಳೆಯನ್ನು ಕಾಯುವಷ್ಟು ಚೆನ್ನಾಗಿ ಒಳಗಿನ ಮಿದುಳಿನ ಅಲುಗಾಟವನ್ನು ತಡೆಯಲಾರದು. ಕನ್‌ಕಷನ್ ಎಂದು ಕರೆಯುವ ಮಿದುಳಿನ ಆಘಾತ ಹೆಲ್ಮೆಟ್ ಇದ್ದರೂ ಆಗುತ್ತದೆ.

ಆದ್ದರಿಂದಲೇ ನಿಮ್ಮ ಮಗ ನಗುತ್ತ ಆಟ ಮುಂದುವರಿಸಿದ್ದು ನನಗೆ ಸಮಾಧಾನ ತರುವುದಿಲ್ಲ. ಚಾಪ್‌ಮನ್ ಕೂಡ ಎದ್ದು ನಡೆದಿದ್ದ. ತಲೆಬುರುಡೆಗೂ ಮಿದುಳಿನ ಪೊರೆಗೂ ನಡುವೆ ರಕ್ತ ಸೋರುವ ಒಂದು ಬಗೆಯ ಗಾಯದಲ್ಲಿ ರೋಗಿ ಕೆಲವು ತಾಸು ಚೆನ್ನಾಗಿ ಮಾತನಾಡಿಕೊಂಡಿದ್ದು ನಂತರ ಏಕಾಏಕಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ. ಇಂಥವರನ್ನು ಕರೆತಂದ ಮನೆಯವರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿರುವ ಮಾತು, ‘ಆಗ ಚೆನ್ನಾಗಿಯೇ ಇದ್ದ’ ಎಂಬುದು. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚೆಂಡು ತಾಗಿ ತಲೆಬುರುಡೆ ಮುರಿದ ಭಾರತದ ಕ್ರಿಕೆಟ್ ನಾಯಕ ನಾರಿ ಕಾಂಟ್ರಾಕ್ಟರ್ ತುರ್ತು ಶಸ್ತ್ರಚಿಕಿತ್ಸೆಯಿಂದ ಬದುಕಿದರು. ಮಿದುಳಿನ ಒಳಗನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಬಳಕೆಯಾದದ್ದು 1971ರಲ್ಲಿ. ಇಂದು ಆ ಸೌಲಭ್ಯ ನಿಮ್ಮ ಊರಿನಲ್ಲೇ ಇದೆ, ವೇಳೆಗೆ ಸರಿಯಾಗಿ ತಲುಪಬೇಕಷ್ಟೆ.

ಕಳೆದ ತಿಂಗಳ ಪೆಟ್ಟಿನ ನಂತರ ಅವನಿಗೆ ತಲೆನೋವು, ಓದಿನಲ್ಲಿ ಗಮನ ನಿಲ್ಲದಿರುವುದು, ಬೆಳಕು ಕಂಡರೆ ಕಿರಿಕಿರಿ, ನಿದ್ದೆಯಲ್ಲಿ ವ್ಯತ್ಯಾಸ ಇವುಗಳಲ್ಲಿ ಯಾವುದಾದರೂ ಇದ್ದರೆ ಈಗಲಾದರೂ ಮಕ್ಕಳ ವೈದ್ಯರಿಗೆ ತೋರಿಸಿ; ಅವರು ಹೇಳುವವರೆಗೆ ಆಟ ಬೇಡ. ಏನೂ ಇಲ್ಲದಿದ್ದರೆ ಈ ಒಂದು ಪೆಟ್ಟಿಗಾಗಿ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಮಕ್ಕಳಿಗೆ ಅನಾವಶ್ಯಕ ವಿಕಿರಣ ಒಳ್ಳೆಯದಲ್ಲ. ಇನ್ನು ಮುಂದೆ ತಲೆಗೆ ಪೆಟ್ಟು ಬಿದ್ದು ಅವನು ಮಂಕಾಗಿದ್ದರೂ, ತಬ್ಬಿಬ್ಬಾಗಿದ್ದರೂ ಆ ದಿನ ಮತ್ತೆ ಅಂಗಳಕ್ಕೆ ಇಳಿಯಬಾರದು. ಓಹಾಯೋದಲ್ಲಿ 2013ರಿಂದ ಜಾರಿಯಲ್ಲಿರುವ ಕಾನೂನು ಹೇಳುವುದೂ ಇದನ್ನೇ. ವೈದ್ಯಕೀಯ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ತರಬೇತುದಾರ ಅವನನ್ನು ಆಡಿಸುವಂತಿಲ್ಲ. ಹೆಚ್ಚುತ್ತ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದಾಗುವುದು, ಕೈಕಾಲಿನ ಸ್ವಾಧೀನ ತಪ್ಪುವುದು, ಸೆಳೆತ, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ಕಾಯದೆ 911ಕ್ಕೆ ಕರೆ ಮಾಡಿ. ಪೆಟ್ಟು ತಿಂದವರನ್ನು ರಾತ್ರಿಯಿಡೀ ಮಲಗಲು ಬಿಡಬಾರದೆಂಬ ನಮ್ಮ ಹಿರಿಯರ ಮಾತು, ವೈದ್ಯರು ಪರೀಕ್ಷಿಸಿ ಮನೆಗೆ ಕಳಿಸಿದ ಮಗುವಿಗೆ ಅನ್ವಯಿಸುವುದಿಲ್ಲ. ಮಿದುಳಿಗೆ ನಿದ್ದೆ ಬೇಕು.

ಆಟದಿಂದ ಬಿಡಿಸುವುದು ನಿಮ್ಮ ಕೈಯಲ್ಲಿರುವ ಒಂದು ದಾರಿ. ಹಾಗೆ ಮಾಡಿದರೆ ಚೆಂಡಿನ ಭಯ ನೂರಕ್ಕೆ ನೂರು ಹೋಗುತ್ತದೆ. ಆದರೆ ಅದೇ ಹುಡುಗ ಹೆಲ್ಮೆಟ್ ಇಲ್ಲದೆ ಸೈಕಲ್ ಹತ್ತಿದರೆ ನೀವು ಗಳಿಸಿದ್ದೇನೂ ಉಳಿಯುವುದಿಲ್ಲ, ಅವನಿಗಿರುವ ಗೆಳೆಯರ ಬಳಗ ಮಾತ್ರ ಕೈತಪ್ಪುತ್ತದೆ. ಹಿಂದೆ ಕನ್‌ಕಷನ್ ಆಗಿ ಲಕ್ಷಣಗಳು ಬಹುಕಾಲ ಉಳಿದಿದ್ದ ಮಗುವಾಗಿದ್ದರೆ ಬಿಡಿಸಿ ಎಂದೇ ಹೇಳುತ್ತಿದ್ದೆ. ನಿಮ್ಮ ಪತ್ರದಲ್ಲಿರುವ ವಿವರ ನೋಡಿದರೆ ಆ ಸಲಹೆಗೆ ಕಾರಣ ಕಾಣುತ್ತಿಲ್ಲ. ಮೆತ್ತನೆಯ ತಿರುಳಿನ ಚೆಂಡು ಬಳಸುವ ಲೀಗ್‌ಗಳೂ ಇವೆ. ಅಪಾಯ ತಗ್ಗುವುದು ಖಂಡಿತ, ಆದರೆ ಹನ್ನೊಂದರ ಹುಡುಗನಿಗೆ ಅದು ಚಿಕ್ಕವರ ಆಟವೆನಿಸಬಹುದು. ಮುಂದೊಂದು ದಿನ ಗಟ್ಟಿ ಚೆಂಡಿಗೆ ಹೋಗುವಾಗ ಮೊದಲಿನಿಂದ ಕಲಿಯಬೇಕಾಗಬಹುದು. ಹೆಲ್ಮೆಟ್‌ಗೆ ಸೇರಿಸುವ ದವಡೆಯ ಕಾಪು ಹಲ್ಲು, ಕೆನ್ನೆ, ಕಣ್ಣುಗಳಿಗೆ ಒಳ್ಳೆಯ ರಕ್ಷಣೆ. ಅದನ್ನು ನಾನು ಒತ್ತಿ ಹೇಳುತ್ತೇನೆ. ಆದರೆ ಅದು ಕನ್‌ಕಷನ್ ತಡೆಯುವ ಸಾಧನವಲ್ಲ, ಮತ್ತು ಹೆಲ್ಮೆಟ್ ತಯಾರಿಸಿದವರೇ ಒಪ್ಪಿದ ಮಾದರಿಯಾಗಿರಬೇಕು. ಬೇರೆ ಕಂಪನಿಯದನ್ನು ತಂದು ಮನೆಯಲ್ಲಿ ತೂತು ಕೊರೆದು ಜೋಡಿಸಿದರೆ ಹೆಲ್ಮೆಟ್ಟೇ ದುರ್ಬಲವಾಗುತ್ತದೆ.

ಹೆಲ್ಮೆಟ್ ಕೊಳ್ಳುವಾಗ ನಮ್ಮವರದೊಂದು ಅಭ್ಯಾಸ: ಹುಡುಗ ಬೆಳೆಯುತ್ತಾನೆ, ಒಂದು ಸೈಜ್ ದೊಡ್ಡದಿರಲಿ. ಬೂಟಿಗೆ ಅದು ನಡೆದೀತು, ಹೆಲ್ಮೆಟ್‌ಗೆ ಖಂಡಿತ ಬೇಡ. ಮುಂಭಾಗದ ಅಂಚು ಹುಬ್ಬಿನಿಂದ ಸುಮಾರು ಎರಡು ಬೆರಳು ಮೇಲಿರಬೇಕು, ಕಿವಿಯ ತೂತು ಕಿವಿಗೆ ನೇರವಾಗಿರಬೇಕು, ತಲೆ ಅಲುಗಿಸಿದಾಗ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಟೋಪಿಯ ಮೇಲೆ ಹೆಲ್ಮೆಟ್ ಹಾಕಬಾರದು. ಹಿಂಭಾಗದಲ್ಲಿ ಎನ್‌ಒಸಿಎಸ್‌ಎಇ ಮುದ್ರೆ ಇದೆಯೇ ನೋಡಿ. ಅದು ಲಿಟಲ್ ಲೀಗ್ ಕೇಳುವ ಗುಣಮಟ್ಟದ ಗುರುತು. ಕಳೆದ ತಿಂಗಳು ಪೆಟ್ಟು ತಿಂದ ಹೆಲ್ಮೆಟ್ಟನ್ನು ಬಿಸಿಲಿಗೆ ಹಿಡಿದು ಒಳಗೂ ಹೊರಗೂ ಪರೀಕ್ಷಿಸಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಒಳಗಿನ ಮೆತ್ತೆ ಕಿತ್ತು ಬಂದಿದ್ದರೂ ಅದನ್ನು ತಮ್ಮನಿಗೆ ಆಗುತ್ತದೆಂದು ಎತ್ತಿಡಬೇಡಿ.

ಮೈಗೆ ಬರುವ ಚೆಂಡಿನಿಂದ ತಪ್ಪಿಸಿಕೊಳ್ಳುವುದು ಕಲಿಸಿದರೆ ಬರುವ ವಿದ್ಯೆ, ಮತ್ತು ಇದನ್ನು ಕಲಿಸುವ ತರಬೇತುದಾರರು ನಾನು ಬಯಸುವಷ್ಟು ಮಂದಿ ಇಲ್ಲ. ಮಕ್ಕಳು ಸಹಜವಾಗಿ ಎಸೆತಗಾರನ ಕಡೆಗೆ ಎದೆ ತೆರೆದುಕೊಂಡು ಹಿಂದಕ್ಕೆ ಬಾಗುತ್ತಾರೆ. ಆಗ ಮುಖ, ಎದೆ ಎರಡೂ ಚೆಂಡಿಗೆ ಸಿಗುತ್ತವೆ. ಗದ್ದವನ್ನು ಭುಜಕ್ಕೆ ಒತ್ತಿ, ಹಿಂದೆ ಕೂತಿರುವ ಕ್ಯಾಚರ್ ಕಡೆಗೆ ತಿರುಗಿ, ಬೆನ್ನು ಒಡ್ಡಬೇಕು. ಹಿತ್ತಿಲಲ್ಲಿ ಟೆನಿಸ್ ಚೆಂಡಿನಿಂದ ನೀವೇ ಅಭ್ಯಾಸ ಮಾಡಿಸಬಹುದು. ಎದೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹೃದಯಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಚೆಂಡು ಎದೆಗೆ ಬಡಿದರೆ ಆರೋಗ್ಯವಂತ ಮಗುವಿನ ಹೃದಯವೂ ಲಯ ತಪ್ಪಿ ನಿಂತುಹೋಗಬಹುದು. ಇದು ಅಪರೂಪ, ಆದರೆ ಬೇಸ್‌ಬಾಲಿನಲ್ಲಿ ಆಗಿರುವಂಥದ್ದು, ಮತ್ತು ಅದಕ್ಕೆ ಹೆಲ್ಮೆಟ್‌ನಿಂದ ಪ್ರಯೋಜನವಿಲ್ಲ. ಕೂಡಲೇ ಎದೆ ಒತ್ತುವ ಸಿ.ಪಿ.ಆರ್. ಆರಂಭಿಸಿ, ಕೆಲವೇ ನಿಮಿಷಗಳೊಳಗೆ ಎ.ಇ.ಡಿ. ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟರೆ ಮಗು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದ ಮುಂದಿನ ಪಂದ್ಯಕ್ಕೆ ಹೋದಾಗ ನಿಮ್ಮ ಲೀಗ್‌ನವರನ್ನು ಕೇಳಿ: ಈ ಅಂಗಳದಲ್ಲಿ ಎ.ಇ.ಡಿ. ಎಲ್ಲಿದೆ, ಅದನ್ನಿಟ್ಟ ಪೆಟ್ಟಿಗೆಗೆ ಬೀಗವಿದ್ದರೆ ಕೀಲಿ ಯಾರ ಬಳಿಯಿದೆ, ಇಂದು ಇಲ್ಲಿರುವವರಲ್ಲಿ ಅದನ್ನು ಬಳಸಲು ಬಲ್ಲವರು ಯಾರು.